ರೈಲು ಹಳಿ ಪಕ್ಕದ ಜಮೀನಲ್ಲಿ ಸೊಪ್ಪು ತರಕಾರಿ ಬೆಳೀಬೋದಾ? ಮಣ್ಣು ಟೆಸ್ಟ್ ಮಾಡಿಸೋದ್ರಿಂದ ಬೆಳೆ ಬದಲಾಯಿಸೋವರೆಗೂ

"ಹಳಿ ಪಕ್ಕದಲ್ಲೇ ನಮ್ಮ ಜಮೀನು, ಇಲ್ಲಿ ಬೆಳೆದ ಸೊಪ್ಪು ಮಕ್ಕಳಿಗೆ ಕೊಡ್ಬೋದಾ, ಮಾರ್ಬೋದಾ" ಅಂತ ಕೇಳೋರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಗುಬ್ಬಿ, ಕ್ಯಾತ್ಸಂದ್ರ ಕಡೆಯೋರು ಕೇಳ್ತಾರೆ, ಮಾಲೂರು ಟೇಕಲ್ ಕಡೆಯೋರು ಕೇಳ್ತಾರೆ, ಶಿಡ್ಲಘಟ್ಟ ಚಿಂತಾಮಣಿ ಕಡೆಯಿಂದಾನೂ ಅದೇ ಪ್ರಶ್ನೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳೋ ಬದಲು ಒಂದೇ ಕಡೆ ಪೂರ್ತಿ ಬರೆದಿಡ್ತಾ ಇದೀನಿ.

ಮೊದಲೇ ಹೇಳ್ಬಿಡ್ತೀನಿ, ಹಳಿ ಪಕ್ಕ ಇದೆ ಅಂದ ಮಾತ್ರಕ್ಕೆ ಎರಡೆಕರೆಗೆ ಎರಡೆಕರೆ ಕೆಟ್ಟೋಗಿರಲ್ಲ. ಅನುಮಾನ ಪಡಬೇಕಾಗಿರೋದು ರೈಲ್ವೆ ಬೇಲಿಗೆ ಅಂಟಿಕೊಂಡಿರೋ ಪಟ್ಟಿ ಮೇಲೆ, ಅದರಲ್ಲೂ ಮೇಲ್ಮಣ್ಣಿನ ಮೇಲೆ. ಆ ಅನುಮಾನ ಅಳತೆ ಮಾಡಿಸಿದ್ರೇ ತೀರೋದು, ಮಣ್ಣಿನ ಬಣ್ಣ ನೋಡಿ ವಾಸನೆ ನೋಡಿ ಏನೂ ಗೊತ್ತಾಗಲ್ಲ.

ಹಳಿಯಿಂದ ಏನು ಬರುತ್ತೆ

ಭಾರ ಲೋಹ ಅಂದ್ರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ತಾಮ್ರ, ಸತು (ನಾವು ಜಿಂಕ್ ಅಂತೀವಲ್ಲ ಅದೇ) ಈ ಥರದವು. ಆರ್ಸೆನಿಕ್ ಲೋಹ ಅಲ್ಲದಿದ್ರೂ ಇದೇ ಪಟ್ಟಿಯಲ್ಲಿ ಸೇರಿಸ್ತಾರೆ. ಇವು ಕೊಳೆಯಲ್ಲ, ಆವಿಯಾಗಲ್ಲ, ಒಂದ್ಸಲ ಮಣ್ಣಿಗೆ ಬಿದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ವೆ.

ಚಕ್ರ ಮತ್ತೆ ಹಳಿ ಉಜ್ಜಿ ಕಬ್ಬಿಣ, ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ ಪುಡಿ ಉದುರುತ್ತೆ. ಬ್ರೇಕ್ ಹಾಕಿದಾಗ ಬ್ರೇಕ್ ಬ್ಲಾಕ್ ಸವೆದು ಇನ್ನೊಂದಿಷ್ಟು. ಮೇಲೆ 25,000 ವೋಲ್ಟ್ ತಂತಿ ಇದ್ಯಲ್ಲ, ಪ್ಯಾಂಟೋಗ್ರಾಫ್ (ಇಂಜಿನ್ ತಲೆ ಮೇಲೆ ಕರೆಂಟ್ ಎಳ್ಕೊಳೋ ಚೌಕಟ್ಟು) ಉಜ್ಜೋ ಆ ತಂತಿ ತಾಮ್ರದ್ದು, ಅದೂ ಸವೆಯುತ್ತೆ. ಗ್ಯಾಲ್ವನೈಸ್ ಮಾಡಿರೋ ಕಂಬದಿಂದ ಸತು, ಹಳೇ ಪೇಂಟಿಂದ ಸೀಸ. ಇದರ ಜೊತೆಗೆ ಉಗಿಬಂಡಿ ಕಾಲದ ಕಲ್ಲಿದ್ದಲು ಬೂದಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರ ಲೈನು ಬ್ರಾಡ್‌ಗೇಜ್ ಆಗೋಕೆ ಮುಂಚೆ ಸಣ್ಣ ಗೇಜಿಂದು, ಉಗಿಬಂಡಿ ಓಡ್ತಿತ್ತು ಅಂತ ನಿಮ್ಮ ಮನೆ ಹಿರಿಯರನ್ನ ಕೇಳಿದ್ರೆ ಹೇಳ್ತಾರೆ. ಅಂಥ ಹಳೇ ಸ್ಟೇಷನ್ ಯಾರ್ಡ್ ಹತ್ರ ಅಗೆದಾಗ ಕರ್ರಗೆ ಬೂದಿ ಪದರ ಸಿಕ್ರೆ ಆ ಜಾಗ ಬೇರೆ ಲೆಕ್ಕಕ್ಕೇ ಇಟ್ಕೋಬೇಕು.

ಇದು ನನ್ನ ಊಹೆ ಅಲ್ಲ. ಪೋಲೆಂಡ್‌ನ ಇವಾವಾ ಅನ್ನೋ ರೈಲ್ವೆ ಜಂಕ್ಷನ್‌ನಲ್ಲಿ ಮಣ್ಣು, ಅಲ್ಲೇ ಬೆಳೆದ ಗಿಡ ಎರಡನ್ನೂ ಪರೀಕ್ಷೆ ಮಾಡಿ 2011ರಲ್ಲಿ ವರದಿ ಮಾಡಿದ್ರು, ದೂರದ ಜಾಗಕ್ಕೆ ಹೋಲಿಸಿದ್ರೆ ಸೀಸ, ಸತು, ಕ್ಯಾಡ್ಮಿಯಂ, ಪಾದರಸ ಎಲ್ಲಾ ಬಹಳ ಜಾಸ್ತಿ ಇತ್ತು. ಚೀನಾದ ಚಿಂಗ್‌ಹೈ-ಟಿಬೆಟ್ ರೈಲು ದಾರಿ ಪಕ್ಕ ಅಧ್ಯಯನ ಮಾಡಿದೋರಿಗೆ ಸತು, ಕ್ಯಾಡ್ಮಿಯಂ, ಸೀಸ ಹೆಚ್ಚಾಗಿ ಕಂಡಿದ್ದು ಹಳಿಯಿಂದ ಸುಮಾರು 20 ಮೀಟರ್ ಒಳಗೆ. ಈ 20 ಮೀಟರ್ ಅನ್ನೋದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ. ಬೇರೆ ಊರಿನ ಅಂಕಿ ನಮ್ಮ ಜಮೀನಿಗೆ ಹಾಗೇ ಒಪ್ಪಲ್ಲ, ಅದಕ್ಕೇ ನಮ್ಮದನ್ನ ನಾವೇ ಅಳೀಬೇಕು.

ಏನೇನು ಬೇಕು

ಸ್ಟೇನ್‌ಲೆಸ್ ಸ್ಟೀಲ್ ಕರಣೆ ಅಥವಾ ಪೇಂಟ್ ಇಲ್ಲದ ಸಲಿಕೆ, ಎರಡು ಪ್ಲಾಸ್ಟಿಕ್ ಬಕೆಟ್, ಹೊಸ ಪ್ಲಾಸ್ಟಿಕ್ ಕವರ್‌ಗಳು, ಟೇಪು, ಪೆನ್ಸಿಲ್, ಒಂದು ನೋಟ್‌ಬುಕ್. ಕೈಗೆ ಗ್ಲೌಸ್ ಇದ್ರೆ ಒಳ್ಳೇದು.

ಮನೇಲಿರೋ ಜಿಂಕ್ ಬಕೆಟ್ ಮಾತ್ರ ಬೇಡ. ನಾನು ಮೊದಲ ಸಲ ಅದರಲ್ಲೇ ಮಣ್ಣು ಕಲಸಿ ಕಳಿಸಿದ್ದೆ, ರಿಪೋರ್ಟಲ್ಲಿ ಸತು ಎಲ್ಲೆಲ್ಲೂ ಜಾಸ್ತಿ, ಹಳಿಯಿಂದ ದೂರದ ಮಣ್ಣಲ್ಲೂ ಜಾಸ್ತಿ. ಬಕೆಟ್ ಒಳಗೆ ನೋಡಿದ್ರೆ ಕಲ್ಲು ಗೀರಿ ಹೊಳೀತಿತ್ತು. ಟೆಸ್ಟ್ ದುಡ್ಡು, ಒಂದು ತಿಂಗಳು ಎರಡೂ ಹೋಯ್ತು.

ಹಂತ 1: ಜಮೀನಿನ ನಕ್ಷೆ ಬರ್ಕೊಳ್ಳಿ

ಕಾಗದದ ಮೇಲೆ ಹಳಿ, ರೈಲ್ವೆ ಬೇಲಿ, ನಿಮ್ಮ ಬದು, ಬೋರ್‌ವೆಲ್, ರಸ್ತೆ ಎಲ್ಲಾ ಗುರುತು ಹಾಕಿ. ಆಮೇಲೆ ಮೂರು ವಿಷಯ ನೋಡಿ.

ಒಂದು, ರೈಲು ಅಲ್ಲಿ ಬ್ರೇಕ್ ಹಾಕುತ್ತಾ ಇಲ್ವಾ. ಸ್ಟೇಷನ್‌ಗೆ ಬರೋ ದಾರಿ, ಸಿಗ್ನಲ್ ಹತ್ರ, ತಿರುವು, ಲೂಪ್ ಲೈನ್ (ಕ್ರಾಸಿಂಗ್‌ಗೆ ಗಾಡಿ ನಿಲ್ಲಿಸೋ ಪಕ್ಕದ ಲೈನು), ಇಂಥ ಕಡೆ ಪುಡಿ ಜಾಸ್ತಿ ಬೀಳುತ್ತೆ, ನಡುದಾರಿಯಲ್ಲಿ ಸುಮ್ನೆ ಓಡಿಹೋಗೋ ಕಡೆ ಕಡಿಮೆ. ಗೂಡ್ಸ್ ಶೆಡ್ ಪಕ್ಕ ಇದ್ರೆ ಲೋಡಿಂಗ್ ಧೂಳೂ ಸೇರುತ್ತೆ.

ಎರಡು, ಗಾಳಿ. ನಮ್ಮ ಕಡೆ ಆಷಾಢದ ಗಾಳಿ ಪಡುವಣದಿಂದ ಬೀಸುತ್ತೆ, ಹಂಗಾಗಿ ಹಳಿಗೆ ಮೂಡಣ ಪಕ್ಕದಲ್ಲಿ ಜಮೀನಿದ್ರೆ ಸ್ವಲ್ಪ ಜಾಸ್ತಿ ಹುಷಾರಾಗಿರಿ. ಹಳಿ ದಿಣ್ಣೆ ಮೇಲಿದ್ದು ಜಮೀನು ತಗ್ಗಲ್ಲಿದ್ರೆ ಮಳೆ ನೀರು ಜಲ್ಲಿ ತೊಳ್ಕೊಂಡು ಎಲ್ಲಿ ಇಳಿಯುತ್ತೆ ಅಂತ ಒಂದು ಜೋರು ಮಳೆಯಲ್ಲಿ ನಿಂತು ನೋಡಿ, ನೀರು ನಿಲ್ಲೋ ಮೂಲೆ ಗುರುತು ಮಾಡ್ಕೊಳ್ಳಿ.

ಮೂರು, ಹಳಿ ಬಿಟ್ಟು ಬೇರೆ ಏನಿದೆ. ತುಮಕೂರಲ್ಲಿ ಹೆದ್ದಾರಿ 48, ಕೋಲಾರದಲ್ಲಿ 75, ಚಿಕ್ಕಬಳ್ಳಾಪುರದಲ್ಲಿ 44. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತಿದ್ದು 2000ದಲ್ಲಿ, ಅದಕ್ಕೆ ಮುಂಚೆ ಬಿದ್ದ ಸೀಸ ರಸ್ತೆ ಪಕ್ಕದ ಮಣ್ಣಲ್ಲಿ ಇನ್ನೂ ಇರುತ್ತೆ. ಕೆಜಿಎಫ್, ಮಾರಿಕುಪ್ಪಂ ಸುತ್ತಮುತ್ತ ಇರೋರಿಗೆ ಹಳಿಗಿಂತ ದೊಡ್ಡ ವಿಷಯ ಸೈನೈಡ್ ಗುಡ್ಡದ (ಚಿನ್ನ ತೆಗೆದ ಮೇಲೆ ಸುರಿದ ಗಣಿ ತ್ಯಾಜ್ಯದ ರಾಶಿ) ಧೂಳು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಗುಡ್ಡ ಹಾಗೇ ಇದೆ, ಗಾಳಿಗೆ ಹಾರುತ್ತೆ. ಅಲ್ಲಿಯೋರು ಟೆಸ್ಟ್ ಪಟ್ಟಿಯಲ್ಲಿ ಆರ್ಸೆನಿಕ್ ತಪ್ಪದೇ ಸೇರಿಸಿ.

ಹಂತ 2: ಧೂಳು ಎಲ್ಲಿವರೆಗೆ ಬರ್ತಿದೆ ನೋಡಿ

ಇದಕ್ಕೆ ಖರ್ಚಿಲ್ಲ. ಮಳೆ ಬಂದು ಒಂದು ವಾರ ಆದಮೇಲೆ, ಒಂದು ಬಿಳೀ ಬಟ್ಟೆ ಒದ್ದೆ ಮಾಡಿ ಹಿಂಡಿ, ಬೇಲಿ ಪಕ್ಕದ ಗಿಡದ ಅಗಲವಾದ ಎಲೆ ಒರೆಸಿ. ಬಟ್ಟೆ ಮೇಲೆ ತುಕ್ಕಿನ ಬಣ್ಣದ ಗೆರೆ ಬೀಳುತ್ತೆ, ಒಳಗೆ ಒಂದೊಂದೇ ಸಾಲು ಹೋದ ಹಾಗೆ ಗೆರೆ ತಿಳಿಯಾಗ್ತಾ ಬರುತ್ತೆ, ಎಲ್ಲಿ ಬರೀ ಕೆಂಪು ಮಣ್ಣಿನ ಧೂಳು ಅನ್ಸುತ್ತೋ ಅಲ್ಲಿ ಕಡ್ಡಿ ನೆಡಿ. ಅಯಸ್ಕಾಂತಾನ ಪ್ಲಾಸ್ಟಿಕ್ ಕವರ್ ಒಳಗಿಟ್ಟು ಒಣ ಮಣ್ಣಲ್ಲಿ ಆಡಿಸಿದ್ರೆ ಕರೀ ಪುಡಿ ಮೀಸೆ ಥರ ನಿಂತ್ಕೊಳುತ್ತೆ. ಆದ್ರೆ ನಮ್ಮ ಕೆಂಪು ಮಣ್ಣಲ್ಲಿ ಸಹಜವಾಗೇ ಅಯಸ್ಕಾಂತಕ್ಕೆ ಅಂಟೋ ಕರೀ ಮರಳು ಇರುತ್ತೆ, ಹಾಗಾಗಿ ಅದನ್ನ ನೋಡಿ ಗಾಬರಿ ಬೀಳಬೇಡಿ. ಬಟ್ಟೆ, ಅಯಸ್ಕಾಂತ ಎರಡೂ ಇರೋದು ಮಣ್ಣು ಎಲ್ಲಿಂದ ತೆಗೀಬೇಕು ಅಂತ ತಿಳ್ಕೊಳೋಕೆ ಮಾತ್ರ, ಇದೇ ಟೆಸ್ಟ್ ಅಲ್ಲ.

ಹಂತ 3: ಮಣ್ಣು ತೆಗೆಯೋದು

ಇಲ್ಲಿ ತಪ್ಪಾದ್ರೆ ಮುಂದಿನದೆಲ್ಲಾ ದಂಡ, ಅದಕ್ಕೆ ನಿಧಾನಕ್ಕೆ ಓದಿ.

ಬೇಲಿ ದಾಟಿ ಹೋಗ್ಬೇಡಿ. ರೈಲ್ವೆ ಜಾಗಕ್ಕೆ ಅನುಮತಿ ಇಲ್ಲದೇ ಹೋಗೋದು 1989ರ ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಈಗಿನ ಕರೆಂಟ್ ಇಂಜಿನ್ ಸದ್ದೇ ಇಲ್ದೆ ಮೈಮೇಲೆ ಬರುತ್ತೆ. ನಿಮಗೆ ಬೇಕಾಗಿರೋದು ನಿಮ್ಮ ಜಮೀನಿನ ಮಣ್ಣು.

ಜಮೀನನ್ನ ಹಳಿಗೆ ಸಮಾನಾಂತರವಾಗಿ ಮೂರು ಪಟ್ಟಿ ಅಂತ ಅಂದ್ಕೊಳ್ಳಿ. ಮೊದಲ ಪಟ್ಟಿ ನಿಮ್ಮ ಬದುವಿಂದ ಒಳಗೆ 5 ಮೀಟರ್, ಎರಡನೇದು 15ರಿಂದ 20 ಮೀಟರ್ ಸುಮಾರಲ್ಲಿ, ಮೂರನೇದು 50 ಮೀಟರ್ ಆಚೆ. ಪ್ರತಿ ಪಟ್ಟಿಯಲ್ಲೂ ಉದ್ದಕ್ಕೆ ಎಂಟು ಹತ್ತು ಕಡೆ ಮಣ್ಣು ತೆಗೆದು ಒಟ್ಟಿಗೆ ಕಲಸಿ ಒಂದು ಸ್ಯಾಂಪಲ್ ಮಾಡಬೇಕು. ಕಸ ಕಡ್ಡಿ ಸರಿಸಿ, ಮೇಲಿಂದ 10 ಸೆಂಟಿಮೀಟರ್ (ಅಂದಾಜು ನಾಲ್ಕು ಇಂಚು) ಮಾತ್ರ ತೆಗೀರಿ. ಮಾಮೂಲಿ ಗೊಬ್ಬರದ ಟೆಸ್ಟ್‌ಗೆ ತೆಗೆಯೋ ಹಾಗೆ ಆಳಕ್ಕೆ ಅಗೆದ್ರೆ ಮೇಲೆ ಬಿದ್ದಿರೋ ಲೋಹ ಕೆಳಗಿನ ಒಳ್ಳೇ ಮಣ್ಣಲ್ಲಿ ಬೆರೆತು ಕಡಿಮೆ ಕಾಣುತ್ತೆ. ಉತ್ತು ಉತ್ತು ಬೆರೆಸಿರೋ ಹೊಲ ಆದ್ರೆ ಮಾತ್ರ 15 ಸೆಂಟಿಮೀಟರ್‌ವರೆಗೆ ತೆಗೀಬೋದು.

ನಾಲ್ಕನೇ ಸ್ಯಾಂಪಲ್ ಒಂದಿದೆ, ಜನ ದುಡ್ಡು ಉಳಿಸೋಕೆ ಅಂತ ಬಿಟ್ಬಿಡೋದು ಇದನ್ನೇ. ಹೋಲಿಕೆ ಮಣ್ಣು. ಹಳಿಯಿಂದ, ಹೆದ್ದಾರಿಯಿಂದ ಕನಿಷ್ಠ 300-400 ಮೀಟರ್ ದೂರ, ಅದೇ ಥರದ ಕೆಂಪು ಮಣ್ಣು, ಕೆರೆ ಗೋಡು (ಕೆರೆಯ ಹೂಳು) ಹೊಡೆಸಿಲ್ಲದ ಜಾಗದಿಂದ ತೆಗೀರಿ. ಯಾಕಂದ್ರೆ ಕೆಲವು ಕಡೆ, ಅದರಲ್ಲೂ ಕೋಲಾರದ ಗಣಿ ಪಟ್ಟಿಯ ಕಲ್ಲಲ್ಲಿ, ಕ್ರೋಮಿಯಂ ನಿಕಲ್ ಹುಟ್ಟಿನಿಂದಲೇ ಜಾಸ್ತಿ ಇರುತ್ತೆ. ಈ ಸ್ಯಾಂಪಲ್ ಇಲ್ಲಾಂದ್ರೆ ರಿಪೋರ್ಟಲ್ಲಿ ಬಂದ ನಂಬರ್ ರೈಲಿಂದಾ ಕಲ್ಲಿಂದಾ ಅಂತ ಯಾರೂ ಹೇಳಕ್ಕಾಗಲ್ಲ. ದುಡ್ಡು ಕಮ್ಮಿ ಇದ್ರೆ ನಡುವಿನ ಪಟ್ಟಿ ಬಿಡಿ, ಹೋಲಿಕೆ ಮಣ್ಣು ಬಿಡಬೇಡಿ.

ಕಲಸಿದ ಮಣ್ಣನ್ನ ಪ್ಲಾಸ್ಟಿಕ್ ಶೀಟ್ ಮೇಲೆ ದುಂಡಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಬಿಸಾಕಿ, ಉಳಿದಿದ್ದನ್ನ ಮತ್ತೆ ಕಲಸಿ ಹಾಗೇ ಮಾಡಿ, ಕೊನೆಗೆ ಅರ್ಧ ಕೆಜಿ ಉಳಿಯೋವರೆಗೂ. ನೆರಳಲ್ಲಿ ಒಣಗಿಸಿ. ಚೀಟಿಯಲ್ಲಿ ಪೆನ್ಸಿಲಲ್ಲಿ ಬರೀರಿ, ಪೆನ್ನಿನ ಇಂಕು ತೇವಕ್ಕೆ ಹರಡುತ್ತೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ಕರಣೆ ಬಕೆಟ್ ತೊಳೀರಿ, ದೂರದ ಮಣ್ಣು ಮೊದಲು, ಹಳಿ ಪಕ್ಕದ್ದು ಕೊನೆಗೆ ತೆಗೆದ್ರೆ ಇನ್ನೂ ಒಳ್ಳೇದು.

ಹಂತ 4: ಯಾವ ಟೆಸ್ಟ್ ಅಂತ ಸರಿಯಾಗಿ ಕೇಳಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲಿ. "ನಮ್ಮದು ಸಾಯಿಲ್ ಹೆಲ್ತ್ ಕಾರ್ಡ್ ಆಗಿದೆ, ಎಲ್ಲಾ ಸರಿಯಿದೆ" ಅಂತಾರೆ. 2015ರಲ್ಲಿ ಶುರುವಾದ ಆ ಕಾರ್ಡಲ್ಲಿ 12 ಅಂಶ ನೋಡ್ತಾರೆ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ಪಿಎಚ್ (ಮಣ್ಣು ಎಷ್ಟು ಹುಳಿ ಅನ್ನೋ ಅಳತೆ), ಲವಣ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ನಿಕಲ್ ಇಲ್ಲ. ಅದರಲ್ಲಿರೋ ಸತು ತಾಮ್ರವೂ ಬೆಳೆಗೆ ಸಾಕಾಗುತ್ತಾ ಅಂತ ನೋಡೋಕೆ, ವಿಷ ಆಗಿದ್ಯಾ ಅಂತ ನೋಡೋಕಲ್ಲ. ಕಾರ್ಡ್ ಒಳ್ಳೇದೇ, ಆದ್ರೆ ಅದು ಬೇರೆ ಪ್ರಶ್ನೆಗೆ ಉತ್ತರ. ಪಿಎಚ್ ನಂಬರ್ ಮಾತ್ರ ನಮಗೂ ಬೇಕು, ಎತ್ತಿಟ್ಕೊಳ್ಳಿ.

ಬೆಂಗಳೂರಲ್ಲಿರೋ ಎನ್‌ಎಬಿಎಲ್ (ಲ್ಯಾಬ್‌ಗಳನ್ನ ಪರಿಶೀಲಿಸೋ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಫೋನ್ ಮಾಡಿ ಹೀಗೆ ಕೇಳಿ: "ಮಣ್ಣಲ್ಲಿ ಒಟ್ಟು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ತಾಮ್ರ, ಸತು, ಆರ್ಸೆನಿಕ್ ಮಾಡ್ತೀರಾ? ಮಣ್ಣಿನ ಭಾರ ಲೋಹಕ್ಕೆ ನಿಮ್ಮ ಮಾನ್ಯತೆ ಇದ್ಯಾ? ಐಸಿಪಿ ಮೆಷಿನಲ್ಲಾ, ಎಎಎಸ್‌ನಲ್ಲಾ?" ಎರಡೂ ಲೋಹ ಅಳೆಯೋ ಯಂತ್ರಗಳೇ, ಐಸಿಪಿ ಆದ್ರೆ ಎಲ್ಲಾ ಲೋಹ ಒಂದೇ ಸಲಕ್ಕೆ ಬರುತ್ತೆ. "ಒಟ್ಟು" ಅನ್ನೋ ಪದ ಮರೀಬೇಡಿ, ಇಲ್ಲಾಂದ್ರೆ ಗಿಡಕ್ಕೆ ಸಿಗೋ ಪಾಲು ಮಾತ್ರ ಅಳೆದು ಕೊಡ್ತಾರೆ, ಅದನ್ನ ಒಟ್ಟು ಮಿತಿಗೆ ಹೋಲಿಸಿದ್ರೆ ಎಲ್ಲಾ ಸೇಫ್ ಅಂತಾನೇ ಕಾಣುತ್ತೆ. ಎಲ್ಲಿಗೆ ಕಳಿಸೋದು ಅಂತ ದಾರಿ ಕಾಣದಿದ್ರೆ ಹಿರೇಹಳ್ಳಿ, ಕೊನೇಹಳ್ಳಿ, ಟಮಕ, ಕುರುಬೂರು, ನಿಮಗೆ ಹತ್ರ ಇರೋ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಬೆಳೆ ನಿಂತಿದ್ರೆ ಮೊದಲ ಪಟ್ಟಿಯಿಂದ ಒಂದು ಸೊಪ್ಪಿನ ಸ್ಯಾಂಪಲ್ಲೂ ಕೊಡಿ, ಮನೇಲಿ ಅಡುಗೆಗೆ ತೊಳೆಯೋ ಹಾಗೇ ತೊಳೆದು.

ಹಂತ 5: ರಿಪೋರ್ಟ್ ಓದೋದು

ಕೆಜಿಗೆ ಮಿಲಿಗ್ರಾಂ, ಪಿಪಿಎಂ ಎರಡೂ ಒಂದೇ. 1 ಪಿಪಿಎಂ ಅಂದ್ರೆ ಒಂದು ಟನ್ ಮಣ್ಣಲ್ಲಿ ಒಂದು ಗ್ರಾಂ. "ಬಿಡಿಎಲ್" ಅಂತಿದ್ರೆ ಮೆಷಿನ್ ಹಿಡಿಯೋಕಾಗದಷ್ಟು ಕಡಿಮೆ ಅಂತ.

ಮೊದಲು ನಿಮ್ಮ ನಾಲ್ಕು ಸ್ಯಾಂಪಲ್‌ಗಳನ್ನೇ ಒಂದಕ್ಕೊಂದು ಹೋಲಿಸಿ. ಮೊದಲ ಪಟ್ಟಿಯಲ್ಲಿ ಜಾಸ್ತಿ, ದೂರ ಹೋದ ಹಾಗೆ ಇಳೀತಾ ಹೋಗಿ ಹೋಲಿಕೆ ಮಣ್ಣಿನ ಹತ್ರ ನಿಂತ್ರೆ ಅದು ಹಳಿ ಕಡೆಯಿಂದ ಬಂದಿದ್ದು. ನಾಲ್ಕರಲ್ಲೂ ಒಂದೇ ಥರ ಇದ್ರೆ ಅದು ಮಣ್ಣಿನ ಗುಣ, ಇಲ್ಲಾ ನೀವು ಹಾಕಿರೋದು. ನೀವು ಹಾಕಿರೋದು ಅಂದ್ರೆ? ದ್ರಾಕ್ಷಿ ತೋಟಕ್ಕೆ ವರ್ಷಗಟ್ಟಲೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಹೊಡೆದಿದ್ರೆ ತಾಮ್ರ ಮಣ್ಣಲ್ಲಿ ಕೂತಿರುತ್ತೆ, ಟೊಮ್ಯಾಟೊಗೆ ಹೊಡೆಯೋ ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಸತು ಇದೆ, ಕೋಳಿ ಗೊಬ್ಬರದಲ್ಲಿ ಫೀಡಿಂದ ಬಂದ ತಾಮ್ರ ಸತು, ರಂಜಕದ ಗೊಬ್ಬರದಲ್ಲಿ ಸ್ವಲ್ಪ ಕ್ಯಾಡ್ಮಿಯಂ. ಚಿಕ್ಕಬಳ್ಳಾಪುರದ ದ್ರಾಕ್ಷಿ ಹೊಲದಲ್ಲಿ ತಾಮ್ರ ಜಾಸ್ತಿ ಬಂದ್ರೆ ರೈಲಿನ ಮೇಲೆ ಹಾಕೋ ಮುಂಚೆ ನಿಮ್ಮ ಸ್ಪ್ರೇ ಲೆಕ್ಕ ನೋಡಿ.

ಆಮೇಲೆ ಮಿತಿಗೆ ಹೋಲಿಸಿ. ಯುರೋಪ್‌ನಲ್ಲಿ ಕೊಳಚೆ ಗಸಿ ಹಾಕೋ ಕೃಷಿ ಜಮೀನಿಗೆ 1986ರಲ್ಲಿ ಇಟ್ಟಿರೋ ಮಿತಿ ಕೈಗೆ ಸುಲಭವಾಗಿ ಸಿಗೋ ಅಳತೆಗೋಲು: ಸೀಸ 50ರಿಂದ 300, ಕ್ಯಾಡ್ಮಿಯಂ 1ರಿಂದ 3, ನಿಕಲ್ 30ರಿಂದ 75, ತಾಮ್ರ 50ರಿಂದ 140, ಸತು 150ರಿಂದ 300 ಪಿಪಿಎಂ. ಕೆಳಗಿನ ನಂಬರ್‌ಗಿಂತ ಕಮ್ಮಿ ಇದ್ರೆ ನೆಮ್ಮದಿಯಾಗಿರಿ. ನಡುವೆ ಇದ್ರೆ ಮುಂದಿನ ಹಂತಗಳನ್ನ ಮಾಡಿ. ಮೇಲಿನ ನಂಬರ್ ದಾಟಿದ್ರೆ ಆ ಪಟ್ಟಿಯಲ್ಲಿ ತಿನ್ನೋ ಬೆಳೆ ನಿಲ್ಲಿಸಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಸೊಪ್ಪಿಗೆ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕೆಜಿಗೆ ಸೀಸ 0.3, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಇದು ಹಸಿ ತೂಕಕ್ಕೆ. ಲ್ಯಾಬ್ ಒಣ ತೂಕಕ್ಕೆ ಕೊಟ್ಟಿದ್ರೆ ನಂಬರ್ ಹೆಚ್ಚೂಕಮ್ಮಿ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ, ಯಾಕಂದ್ರೆ ಸೊಪ್ಪಲ್ಲಿ ನೂರಕ್ಕೆ ತೊಂಬತ್ತು ನೀರೇ. ಯಾವುದಕ್ಕೆ ಅಂತ ಕೇಳದೇ ಗಾಬರಿ ಆಗ್ಬೇಡಿ.

ಹಂತ 6: ಬೆಳೆ ಬದಲಾಯಿಸಿ

ಜಮೀನು ಬಿಡೋದು ಬೇಡ, ಜಾಗ ಅದಲುಬದಲು ಮಾಡಿದ್ರೆ ಮುಕ್ಕಾಲು ಕೆಲಸ ಆಯ್ತು. ಕ್ಯಾಡ್ಮಿಯಂ ಬೇರಿಂದ ಏರಿ ಎಲೆಯಲ್ಲಿ ಕೂರುತ್ತೆ, ಪಾಲಕ್, ದಂಟು, ಹರಿವೆ ಇದರಲ್ಲಿ ಮುಂದು. ತೊಳೆದ್ರೂ ಹೋಗಲ್ಲ, ಒಳಗೇ ಇರುತ್ತೆ. ಸೀಸ ಹೆಚ್ಚು ಮೇಲೇರಲ್ಲ, ಅದು ಬರೋದು ಎಲೆ ಮೇಲಿನ ಧೂಳಾಗಿ, ಗೆಡ್ಡೆ ಸಿಪ್ಪೆಗೆ ಅಂಟಿದ ಮಣ್ಣಾಗಿ. ಹಂಗಾಗಿ ಬೇಲಿಯಿಂದ ಮೊದಲ 20 ಮೀಟರ್‌ನಲ್ಲಿ ಸೊಪ್ಪು, ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಬೇಡ. ಟೊಮ್ಯಾಟೊ, ಬೀನ್ಸ್, ಬದನೆ, ಹೀರೆ, ಸೋರೆ, ಜೋಳ ಇಂಥ ಕಾಯಿ ಬೆಳೆಗೆ ಲೋಹ ಸೇರೋದು ಕಡಿಮೆ. ಇನ್ನೂ ನಿಶ್ಚಿಂತೆ ಬೇಕಂದ್ರೆ ಚೆಂಡು ಹೂವು, ಸೇವಂತಿಗೆ. ಹಿಪ್ಪುನೇರಳೆ ಹಾಕೋದಾದ್ರೆ ಬೇಲಿ ಪಕ್ಕದ ಸಾಲಿನ ಧೂಳು ಹಿಡಿದ ಸೊಪ್ಪು ಹುಳುಗೆ ಕೊಡಬೇಡಿ.

ಒಂದು ವಿಷಯ ಮನಸ್ಸಿಗೆ ಬಹಳ ಕೊರೀತಿರುತ್ತೆ, ಬೆರಕೆ ಸೊಪ್ಪು. ಮೊದಲ ಮಳೆ ಬಿದ್ದು ಹತ್ತು ದಿನಕ್ಕೆ ಅಣ್ಣೆ, ಹೊನಗೊನ್ನೆ, ಕಾಡು ಕೀರೆ ಎಲ್ಲಾ ಎದ್ದು ನಿಂತಾಗ ನಮ್ಮ ಹೆಣ್ಣುಮಕ್ಕಳು ಮಡಿಲು ಕಟ್ಕೊಂಡು ಹಳಿ ಪಕ್ಕದಲ್ಲೇ ಕಿತ್ಕೊಂಡು ಬರ್ತಾರೆ, ಅಲ್ಲಿ ಯಾರೂ ಉಳಲ್ಲ, ಯಾರೂ ಬೈಯಲ್ಲ, ಸೊಪ್ಪು ಎಳೇದಾಗಿರುತ್ತೆ. ಮಸ್ಸೊಪ್ಪಿನ ಸಾರಿಗೆ ಅದಕ್ಕಿಂತ ರುಚಿ ಇಲ್ಲ, ನನಗೂ ಗೊತ್ತು. ಆದ್ರೆ ಹಳಿಗೆ ಎಷ್ಟು ಹತ್ರವೋ ಲೋಹ ಅಷ್ಟು ಜಾಸ್ತಿ, ಎಲೆ ಅದನ್ನ ಹಿಡಿಯೋದೂ ಜಾಸ್ತಿ, ಅದರ ಮೇಲೆ ಹಳಿಗೆ ಹೊಡೆಯೋ ಕಳೆನಾಶಕ ಬೇರೆ. ಅಮ್ಮ, ಅಜ್ಜಿ, ಅತ್ತೆ ಯಾರು ಕೀಳ್ತಾರೋ ಅವರಿಗೆ ಹೇಳಿ, ಹೊಲದೊಳಗಿನ ಬದುವಿನ ಮೇಲೆ ಕೀಳಲಿ, ರೈಲು ಕಂಬಿ ಪಕ್ಕದ್ದು ಬೇಡ. ಹಸುಗೆ ಅಲ್ಲಿಂದ ಹುಲ್ಲು ಕುಯ್ಯೋದೂ ಹಾಗೇ.

ಹಂತ 7: ಮಣ್ಣಿನ ಉಪಚಾರ

ಮಣ್ಣು ಹುಳಿ ಆದಷ್ಟೂ (ಪಿಎಚ್ ಕಡಿಮೆ ಆದಷ್ಟೂ) ಕ್ಯಾಡ್ಮಿಯಂ, ಸತು, ಸೀಸ ಕರಗಿ ಬೇರಿಗೆ ಸಿಗುತ್ತೆ. ನಮ್ಮ ಕೆಂಪು ಮಣ್ಣು ಸುಮಾರು ಕಡೆ ಹುಳಿಯೇ. ಪಿಎಚ್ 6ಕ್ಕಿಂತ ಕಡಿಮೆ ಇದ್ರೆ ಕೃಷಿ ಸುಣ್ಣ ಹಾಕಿ 6.5ರಿಂದ 7ರ ಹತ್ರ ತನ್ನಿ, ಎಷ್ಟು ಅನ್ನೋದು ಟೆಸ್ಟ್ ನೋಡಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಕ್ಕದ ಹೊಲದೋರು ಇಷ್ಟು ಹಾಕಿದ್ರು ಅಂತ ಹಾಕಿದ್ರೆ ಕಬ್ಬಿಣ ಸತುವಿನ ಕೊರತೆ ಬಂದು ಎಲೆ ಹಳದಿ ಆಗುತ್ತೆ. ಆರ್ಸೆನಿಕ್ ಜಾಸ್ತಿ ಇರೋ ಮಣ್ಣಿಗೆ ಸುಣ್ಣ ಹಾಕಬೇಡಿ, ಅದು ಸುಣ್ಣಕ್ಕೆ ಇನ್ನೂ ಸಡಿಲ ಆಗ್ಬೋದು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಲೋಹಾನ ಹಿಡಿದಿಡುತ್ತೆ, ವರ್ಷ ವರ್ಷ ಹಾಕಿ. ಪಟ್ಟಣದ ಕಸದಿಂದ ಮಾಡಿದ ಕಾಂಪೋಸ್ಟ್, ಎಲ್ಲಿಂದಲೋ ತಂದ ಕೆರೆ ಗೋಡು ಮಾತ್ರ ಟೆಸ್ಟ್ ಇಲ್ಲದೇ ಬೇಡ, ಇರೋದು ಸಾಲ್ದು ಅಂತ ಇನ್ನೊಂದಿಷ್ಟು ಲೋಹ ದುಡ್ಡು ಕೊಟ್ಟು ತಂದಂಗಾಗುತ್ತೆ. ಮಲ್ಚಿಂಗ್ ಶೀಟ್ ಅಥವಾ ಹುಲ್ಲಿನ ಹೊದಿಕೆ ಹಾಕಿದ್ರೆ ಮಳೆ ಹನಿಗೆ ಮಣ್ಣು ಎಲೆಗೆ ಸಿಡಿಯಲ್ಲ. ಬೇಲಿ ಸಾಲಲ್ಲಿ ನಿಮ್ಮ ಜಾಗದೊಳಗೆ ಗ್ಲಿರಿಸಿಡಿಯಾ (ಹಸಿರೆಲೆ ಗೊಬ್ಬರದ ಗಿಡ) ಒತ್ತಾಗಿ ಬೆಳೆಸಿ, ವರ್ಷಕ್ಕೆರಡು ಸಲ ಸವರಿ ಗಿಡ್ಡಕ್ಕೆ ಇಟ್ಕೊಳ್ಳಿ, ಧೂಳು ತಡೆಯುತ್ತೆ. ಆ ಸವರಿದ ಸೊಪ್ಪು ಮೇವಿಗಾಗಲಿ ತರಕಾರಿ ಪಾತಿಗಾಗಲಿ ಬೇಡ, ಅಲ್ಲೇ ಬುಡಕ್ಕೆ ಹಾಕಿ.

ಸಾಸಿವೆ ಜಾತಿ ಗಿಡ ಬೆಳೆದು ಲೋಹ ಹೀರಿಸೋ ವಿಧಾನ ನಿಜ, ಸಂಶೋಧನೆ ನಡೆದಿದೆ, ಆದ್ರೆ ವರ್ಷಗಟ್ಟಲೆ ಹಿಡಿಯುತ್ತೆ. ಕಿತ್ತ ಗಿಡ ಮೇವಿಗೆ, ಗೊಬ್ಬರಕ್ಕೆ, ಒಲೆಗೆ ಯಾವುದಕ್ಕೂ ಬರಲ್ಲ. ಒಂದು ಸೀಸನ್‌ನಲ್ಲಿ ಮಣ್ಣು ಶುದ್ಧ ಮಾಡ್ಕೊಡ್ತೀವಿ ಅಂತ ಪುಡಿ ದ್ರಾವಣ ಮಾರೋಕೆ ಬರೋರಿಗೆ ದುಡ್ಡು ಕೊಡಬೇಡಿ.

ಹಂತ 8: ಊರೊಳಗೆ ಹಳಿ ಪಕ್ಕ ಮನೆ ಇರೋರಿಗೆ

ಹಿತ್ತಲಲ್ಲಿ ನಾಲ್ಕು ಗಿಡ ಹಾಕ್ಕೊಳೋರು ಇಷ್ಟೆಲ್ಲಾ ಟೆಸ್ಟ್ ಮಾಡಿಸ್ಬೇಕಾಗಿಲ್ಲ. ಸೊಪ್ಪನ್ನ ಕುಂಡದಲ್ಲಿ, ಇಲ್ಲಾ ಒಂದಡಿ ಎತ್ತರದ ಪಾತಿಯಲ್ಲಿ ಬೇರೆ ಕಡೆಯ ಒಳ್ಳೇ ಮಣ್ಣು ತುಂಬಿ ಬೆಳೀರಿ. ಪಾತಿ ಅಂಚಿಗೆ ಗುಜರಿಯಲ್ಲಿ ಸಿಗೋ ಹಳೇ ಮರದ ಸ್ಲೀಪರ್ ತಂದು ಜೋಡಿಸಬೇಡಿ, ನೋಡೋಕೆ ಚೆಂದ, ಆದ್ರೆ ಅದಕ್ಕೆ ಕ್ರಿಯೋಸೋಟ್ ಅನ್ನೋ ಟಾರಿನಂಥ ಎಣ್ಣೆ ಕುಡಿಸಿರ್ತಾರೆ, ಬಿಸಿಲಿಗೆ ಜಿನುಗಿ ಮಣ್ಣಿಗೆ ಇಳಿಯುತ್ತೆ. ಸೊಪ್ಪನ್ನ ಪಾತ್ರೆ ನೀರಲ್ಲಿ ಮುಳುಗಿಸಿ ಮೂರು ಸಲ ನೀರು ಬದಲಾಯಿಸಿ ತೊಳೀರಿ, ಗೆಡ್ಡೆ ಸಿಪ್ಪೆ ಹೆರೆದೇ ಬಳಸಿ. ಚಪ್ಪಲಿ ಹೊರಗೇ ಬಿಡಿ, ನೆಲ ಗುಡಿಸೋದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸೋದು ಮೇಲು.

ಅಂಬೆಗಾಲಿಡೋ ಮಕ್ಕಳಿರೋ ಮನೆಯಲ್ಲಿ ಇದು ಇನ್ನೂ ಮುಖ್ಯ, ಮಣ್ಣು ಮೆತ್ತಿದ ಕೈ ಬಾಯಿಗೆ ಹೋಗುತ್ತೆ, ಸೀಸ ಮೊದಲು ಹೊಡೆಯೋದು ಬೆಳೀತಿರೋ ಮಿದುಳಿಗೆ. ಮೊದಲ ಪಟ್ಟಿಯಲ್ಲಿ ಸೀಸ ಮಿತಿ ದಾಟಿದ್ದು, ಮಗು ಅಲ್ಲೇ ಆಡ್ತಿದ್ರೆ ಮಕ್ಕಳ ಡಾಕ್ಟರ್ ಹತ್ರ ಹೋಗಿ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ, ಮಾಮೂಲಿ ಬ್ಲಡ್ ಟೆಸ್ಟಲ್ಲಿ ಅದು ಬರಲ್ಲ.

ಬೆಳೆ ಬದಲಾಯಿಸಿ ಸುಣ್ಣ ಗೊಬ್ಬರ ಹಾಕಿದೋರು ಎರಡು ವರ್ಷ ಬಿಟ್ಟು ಮೊದಲ ಪಟ್ಟಿದೊಂದು ಸೊಪ್ಪಿನ ಸ್ಯಾಂಪಲ್ ಮತ್ತೆ ಕಳಿಸಿ. ಮಣ್ಣಿನ ಒಟ್ಟು ನಂಬರ್ ಇಳಿದಿರಲ್ಲ, ಲೋಹ ಅಲ್ಲೇ ಇರುತ್ತೆ, ಗಿಡಕ್ಕೆ ಏರೋದು ಕಮ್ಮಿ ಆಗಿದ್ಯಾ ಅನ್ನೋದನ್ನೇ ನೋಡಬೇಕು. ಹಳೇ ರಿಪೋರ್ಟ್, ನಕ್ಷೆ ಎರಡೂ ಪಹಣಿ ಇಡೋ ಫೈಲಲ್ಲೇ ಇಟ್ಕೊಳ್ಳಿ.